ಕಾಡಿನ ಅಣಬೆಗಳ ಮ್ಯಾಕ್ರೋ ಫೋಟೋ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ನಾನಿರುವುದು ಬೆಂಗಳೂರಿನಲ್ಲಿ. ಮಳೆಗಾಲ ಬಂತೆಂದರೆ ರಜೆ ಹಾಕಿ ಊರಿಗೆ ಓಡುತ್ತೇನೆ, ತೋಟದ ಮೇಲಿನ ಸೊಪ್ಪಿನ ಬೆಟ್ಟದಲ್ಲಿ ದಿನವಿಡೀ ಅಣಬೆ ಮುಂದೆ ಬಿದ್ದಿರುತ್ತೇನೆ. ಹೀಗೆ ತೀರಾ ಹತ್ತಿರದಿಂದ ತೆಗೆದ ಮ್ಯಾಕ್ರೋ ಫೋಟೋ ನೋಡಿದವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಥರದವು. ಪ್ರತಿಯೊಬ್ಬರಿಗೂ ಬೇರೆ ಬೇರೆ ಬರೆದು ಸಾಕಾಗಿ ಎಲ್ಲ ಒಂದೇ ಕಡೆ ಹಾಕಿದ್ದೇನೆ.

ನಾನು ತೆಗೆದ ಅಣಬೆ ಫೋಟೋ ಯಾಕೆ ಸಪ್ಪೆಯಾಗಿ ಕಾಣುತ್ತೆ?

ನೀವು ನಿಂತುಕೊಂಡು ತೆಗೆದಿದ್ದೀರಿ. ಹತ್ತರಲ್ಲಿ ಒಂಬತ್ತು ಸಲ ಕಾರಣ ಇಷ್ಟೇ.

ಮೇಲಿನಿಂದ ನೋಡಿದರೆ ಅಣಬೆ ಅಂದರೆ ಒಂದು ದುಂಡು ಚುಕ್ಕೆ, ಹಿಂದೆ ತರಗೆಲೆ ರಾಶಿ. ಅದೇ ಅಣಬೆಯನ್ನು ಅದರ ಎತ್ತರಕ್ಕೆ ಇಳಿದು ನೋಡಿ. ಕೊಡೆ ಕಾಣುತ್ತದೆ, ಕಾಂಡ ಕಾಣುತ್ತದೆ, ಕೊಡೆಯಡಿಯ ಮಡಿಕೆಗಳು ಕಾಣುತ್ತವೆ, ಹಿಂದಿನ ಕಾಡು ದೂರ ಸರಿದು ಮೆತ್ತಗೆ ಹಸಿರಾಗುತ್ತದೆ. ಕೂತರೆ ಸಾಲದು. ಹೊಟ್ಟೆ ನೆಲಕ್ಕೆ ತಾಗಬೇಕು, ಆಗಾಗ ಕೆನ್ನೆಯೂ ತಾಗುತ್ತದೆ. ನಾನು ಎರಡು ಒಣ ಅಡಿಕೆ ಹಾಳೆ ಹಿಡಿದುಕೊಂಡೇ ಹೋಗುವುದು, ಒಂದು ಎದೆಯಡಿಗೆ, ಇನ್ನೊಂದು ಮೊಣಕೈಗೆ. ಹೀಗೆ ಬಿದ್ದುಕೊಂಡಿದ್ದಾಗ ಒಮ್ಮೆ ಸೊಪ್ಪು ಹೊರೆ ಹೊತ್ತು ಬರುತ್ತಿದ್ದ ಪಕ್ಕದ ಮನೆಯವರು ಗಾಬರಿಯಾಗಿ "ಎಂತ ಆಯ್ತಾ ಮಾರಾಯ, ಬಿದ್ಯಾ?" ಅಂತ ಹೊರೆ ಅಲ್ಲೇ ಎಸೆದು ಓಡಿ ಬಂದಿದ್ದರು. ನಾಯಿಕೊಡೆ ಫೋಟೋ ಅಂತ ತಿಳಿದ ಮೇಲೆ ಅವರ ಮುಖ ನೋಡಬೇಕಿತ್ತು.

ಕ್ಯಾಮೆರಾ ಬದಲಾಯಿಸುವ ಮೊದಲು ಒಂದು ಮಳೆಗಾಲ ಹೀಗೆ ಮಲಗಿ ತೆಗೆದು ನೋಡಿ. ಕೆಳಗಿನ ಉತ್ತರಗಳೆಲ್ಲ ಇದಾದ ಮೇಲಿನ ಮಾತು.

ಯಾವ ತಿಂಗಳಲ್ಲಿ ಹೋಗಬೇಕು?

ಮಲೆನಾಡಿನ ಮಟ್ಟಿಗೆ ಜೂನ್‌ನಿಂದ ಅಕ್ಟೋಬರ್‌ವರೆಗೆ. ಆದರೆ ಈ ಐದು ತಿಂಗಳೂ ಒಂದೇ ಥರ ಇರುವುದಿಲ್ಲ.

ಮೊದಲ ಗುಡುಗು ಮಳೆ ಬಿದ್ದು ನೆಲ ನೆನೆದ ಮೇಲೆ ಹುತ್ತದ ಅಣಬೆ ಏಳುತ್ತದೆ. ಗುಡುಗಿಗೇ ಏಳುವುದು ಅಂತ ನಮ್ಮ ಕಡೆ ಹೇಳುತ್ತಾರೆ. ಗೆದ್ದಲುಗಳು ನೆಲದೊಳಗೆ ಸಾಕಿಕೊಂಡಿರುವ ಶಿಲೀಂಧ್ರ ಇದು, ಟರ್ಮಿಟೋಮೈಸಿಸ್ ಅಂತ ಹೆಸರು. ಕಾಂಡದ ಕೆಳಗೆ ಬೇರಿನ ಹಾಗೆ ಉದ್ದಕ್ಕೆ ಹೋಗಿ ಗೆದ್ದಲಿನ ಗೂಡಿಗೇ ತಾಗಿರುತ್ತದೆ. ಇದರ ಫೋಟೋ ಬೇಕಾದರೆ ಬೆಳಕು ಹರಿಯುವ ಮೊದಲೇ ಹೋಗಿ. ತಡ ಮಾಡಿದರೆ ಅದು ಯಾರದೋ ಮನೆಯ ಪಲ್ಯ ಆಗಿರುತ್ತದೆ.

ಪುನರ್ವಸು, ಪುಷ್ಯ ಮಳೆ ಅಂದರೆ ಜುಲೈ ಪೂರ್ತಿ, ಜಡಿಮಳೆ. ಅಣಬೆ ಬೇಕಾದಷ್ಟು ಇರುತ್ತವೆ, ಬೆಳಕೇ ಇರುವುದಿಲ್ಲ. ಮಧ್ಯಾಹ್ನ ಹನ್ನೆರಡಕ್ಕೂ ಸಂಜೆ ಆರರ ಹಾಗೆ. ನನಗೆ ಇಷ್ಟ ಮಘೆ ಮಳೆಯಿಂದ ಹುಬ್ಬೆ ಮಳೆವರೆಗೆ, ಅಂದರೆ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯ. ಮಳೆ ನಡುನಡುವೆ ಬಿಡುತ್ತದೆ, ನೆಲ ಹಸಿಯಾಗಿಯೇ ಇರುತ್ತದೆ, ಮೋಡದ ಮೆತ್ತನೆ ಬೆಳಕು. ಮಳೆ ನಿಂತ ಮಾರನೇ ದಿನ ಬೆಳಗ್ಗೆ ಹೋಗಿ.

ಎಲ್ಲಿ ಹೋಗಬೇಕು? ಪರ್ಮಿಷನ್ ಬೇಕಾ?

ಆಗುಂಬೆ, ಕುದುರೆಮುಖ ಅಂತೆಲ್ಲ ತಲೆ ಕೆಡಿಸಿಕೊಳ್ಳಬೇಡಿ. ಕೊಳೆಯುವ ಮರ, ಕೊಳೆಯುವ ಎಲೆ, ಹಸಿ ನೆಲ ಇದ್ದ ಕಡೆ ಅಣಬೆ ಇರುತ್ತದೆ. ಅಡಿಕೆ ತೋಟದ ಕಪ್ಪಿನ (ನೀರು ಬಸಿಯುವ ಕಾಲುವೆ) ಬದು, ಕಾಫಿ ತೋಟದ ಹಳೇ ಸಿಲ್ವರ್ ಓಕ್ ಬುಡ, ಗೊಬ್ಬರದ ಗುಂಡಿಯ ಅಂಚು, ಸೌದೆ ಕೊಟ್ಟಿಗೆಯ ಹಿಂಭಾಗ. ಬೆಂಗಳೂರಿನಲ್ಲಿದ್ದರೆ ಕಬ್ಬನ್ ಪಾರ್ಕಿನ ಹಳೇ ಮರಗಳ ಬುಡ ನೋಡಿ. ನನ್ನ ಒಳ್ಳೆಯ ಫೋಟೋಗಳಲ್ಲಿ ಅರ್ಧದಷ್ಟು ನಮ್ಮ ಮನೆಯ ಬಚ್ಚಲು ನೀರು ಹರಿಯುವ ಜಾಗದವು.

ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳ ಒಳಗೆ ಮಾತ್ರ ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಪ್ರವೇಶದ ಅನುಮತಿ ಕೊಡುವ ಕಾರಣಗಳಲ್ಲಿ ಫೋಟೋ ತೆಗೆಯುವುದೂ ಒಂದು. ಮೀಸಲು ಅರಣ್ಯಕ್ಕೂ ಸುಮ್ನೆ ನುಗ್ಗಬೇಡಿ, ವಲಯ ಕಚೇರಿಯಲ್ಲಿ ಕೇಳಿ. ಯಾರದಾದರೂ ತೋಟಕ್ಕೆ ಹೋಗುವುದಾದರೆ ಮನೆಯವರಿಗೆ ಒಂದು ಮಾತು ಹೇಳಿ ಹೋಗಿ. ಬಹಳ ಸಲ ಅವರೇ "ಅಲ್ಲಿ ಧರೆ ಹತ್ರ ಒಂದು ವಿಚಿತ್ರದ್ದು ಎದ್ದಿದೆ ನೋಡಿ" ಅಂತ ತೋರಿಸುತ್ತಾರೆ, ಕಾಫಿಯೂ ಸಿಗುತ್ತದೆ.

ಮೊಬೈಲ್ ಸಾಕಾ?

ಶುರು ಮಾಡಲಿಕ್ಕೆ ಧಾರಾಳ ಸಾಕು. ಎರಡು ಮೂರು ಸೆಂಟಿಮೀಟರಿಗಿಂತ ದೊಡ್ಡ ಅಣಬೆಗೆ ಮೊಬೈಲ್ ಫೋಟೋ ಚೆನ್ನಾಗಿಯೇ ಬರುತ್ತದೆ. ಒಂದು ಉಪಾಯ ಹೇಳುತ್ತೇನೆ, ಮೊಬೈಲನ್ನು ತಲೆಕೆಳಗಾಗಿ ಹಿಡಿಯಿರಿ. ಲೆನ್ಸ್ ನೆಲಕ್ಕೆ ಹತ್ತಿರ ಬರುತ್ತದೆ, ಅಣಬೆಯ ಕಣ್ಣಮಟ್ಟ ತಾನಾಗಿಯೇ ಸಿಗುತ್ತದೆ. ಪರದೆಯ ಮೇಲೆ ಅಣಬೆಯನ್ನು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ, ಆಮೇಲೆ ಬೆಳಕನ್ನು ಸ್ವಲ್ಪ ಕೆಳಗೆ ಎಳೆಯಿರಿ. ಬಿಳಿ ಅಣಬೆ ಕಾಡಿನ ಕತ್ತಲಲ್ಲಿ ಬೆಳ್ಳಗೆ ಸುಟ್ಟುಹೋಗುವುದು ಇದರಿಂದ ತಪ್ಪುತ್ತದೆ.

ಕಡಿಮೆ ಬೆಲೆಯ ಫೋನುಗಳಲ್ಲಿ 2 ಮೆಗಾಪಿಕ್ಸೆಲ್ ಮ್ಯಾಕ್ರೋ ಕ್ಯಾಮೆರಾ ಅಂತ ಒಂದು ಕೊಡುತ್ತಾರಲ್ವಾ, ಅದನ್ನು ಮರೆತುಬಿಡಿ. ಮುಖ್ಯ ಕ್ಯಾಮೆರಾದಲ್ಲಿ ಸ್ವಲ್ಪ ದೂರದಿಂದ ತೆಗೆದು ಕತ್ತರಿಸಿಕೊಂಡರೆ ಅದಕ್ಕಿಂತ ಚೆನ್ನಾಗಿರುತ್ತದೆ. ಅಲ್ಟ್ರಾವೈಡ್ ಲೆನ್ಸಿನಿಂದ ಎರಡು ಸೆಂಟಿಮೀಟರ್ ಹತ್ತಿರ ಹೋಗುವ ಫೋನುಗಳು ಬೇರೆ ಮಾತು, ಅವು ಒಳ್ಳೆಯವೇ. ಆದರೆ ಅಷ್ಟು ಹತ್ತಿರ ಹೋದಾಗ ಫೋನಿನ ನೆರಳೇ ಅಣಬೆ ಮೇಲೆ ಬೀಳುತ್ತದೆ, ನೋಡಿಕೊಳ್ಳಿ.

ಕ್ಯಾಮೆರಾ ಇದೆ, ಮ್ಯಾಕ್ರೋ ಲೆನ್ಸ್ ಇಲ್ಲ. ಏನು ಮಾಡಲಿ?

ಎರಡು ದಾರಿ ಇವೆ. ಒಂದು, ಎಕ್ಸ್‌ಟೆನ್ಷನ್ ಟ್ಯೂಬ್. ಒಳಗೆ ಗಾಜಿಲ್ಲದ ಖಾಲಿ ಕೊಳವೆ, ಲೆನ್ಸಿಗೂ ಕ್ಯಾಮೆರಾಕ್ಕೂ ನಡುವೆ ಕೂರುತ್ತದೆ. ಲೆಕ್ಕ ಸುಲಭ: ಕೊಳವೆಯ ಉದ್ದವನ್ನು ಲೆನ್ಸಿನ ಫೋಕಲ್ ಲೆಂಗ್ತ್‌ನಿಂದ (ಲೆನ್ಸಿನ ಮೇಲೆ ಮಿ.ಮೀ.ನಲ್ಲಿ ಬರೆದಿರುವ ಅಂಕಿ) ಭಾಗಿಸಿ. 50 ಮಿ.ಮೀ. ಲೆನ್ಸಿಗೆ 25 ಮಿ.ಮೀ. ಟ್ಯೂಬ್ ಹಾಕಿದರೆ ಅರ್ಧ ಪಟ್ಟು, 50 ಹಾಕಿದರೆ ಪೂರ್ತಿ 1:1, ಅಂದರೆ ಅಣಬೆ ಎಷ್ಟು ದೊಡ್ಡದೋ ಕ್ಯಾಮೆರಾ ಒಳಗಿನ ಸೆನ್ಸರ್ ಮೇಲೂ ಅಷ್ಟೇ ದೊಡ್ಡದಾಗಿ ಬೀಳುತ್ತದೆ. ಕೊಳ್ಳುವಾಗ ಒಳಗೆ ವಿದ್ಯುತ್ ಸಂಪರ್ಕದ ಪಿನ್ ಇರುವುದನ್ನೇ ನೋಡಿ ತಗೊಳ್ಳಿ, ಇಲ್ಲದಿದ್ದರೆ ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ತೂತು) ಬದಲಾಯಿಸಲು ಒದ್ದಾಡುತ್ತೀರಿ.

ಇನ್ನೊಂದು, ಲೆನ್ಸಿನ ಮುಂದೆ ಸಿಕ್ಕಿಸುವ ಕ್ಲೋಸಪ್ ಗಾಜು. ನಾನು ನಾಲ್ಕು ವರ್ಷ ರೇನಾಕ್ಸ್ ಕಂಪನಿಯ ಡಿಸಿಆರ್-250 ಒಂದನ್ನೇ ಬಳಸಿದೆ. ಎಂಟು ಡಯಾಪ್ಟರ್ ಶಕ್ತಿ (ಕನ್ನಡಕದ ಪವರ್ ಅಳೆಯುವ ಅದೇ ಲೆಕ್ಕ). ಟೆಲಿ ಜೂಮಿಗೆ ಹಾಕಿ 200 ಮಿ.ಮೀ.ಗೆ ಎಳೆದರೆ 1:1 ದಾಟಿ ಹೋಗುತ್ತದೆ. ಅಣಬೆಯಿಂದ ಸುಮಾರು ಹನ್ನೆರಡು ಸೆಂಟಿಮೀಟರ್ ದೂರದಲ್ಲಿ ಮಾತ್ರ ಫೋಕಸ್ ಆಗುತ್ತದೆ, ಹಾಗಾಗಿ ನೀವೇ ಹಿಂದೆ ಮುಂದೆ ಆಗಬೇಕು. ನಮ್ಮ ಸಾಮಾನ್ಯ ಅಣಬೆಗಳಿಗೆ ಇದು ಕೆಲವು ಸಲ ಜಾಸ್ತಿಯೇ. ಅವರದೇ ಡಿಸಿಆರ್-150ಕ್ಕೆ ಶಕ್ತಿ ಸ್ವಲ್ಪ ಕಡಿಮೆ, ಕಲಿಯುವವರಿಗೆ ಅದೇ ವಾಸಿ.

ಮ್ಯಾಕ್ರೋ ಲೆನ್ಸ್ ಕೊಳ್ಳುವುದೇ ಆದರೆ ಯಾವುದು?

ನಿಮ್ಮ ಕ್ಯಾಮೆರಾಕ್ಕೆ ಸಿಗುವ 90 ರಿಂದ 105 ಮಿ.ಮೀ.ನ ಯಾವುದಾದರೂ. ಸೆಕೆಂಡ್ ಹ್ಯಾಂಡ್ ಆದರೂ ನಡೆಯುತ್ತದೆ. ಅಣಬೆ ಹಾರಿಹೋಗುವುದಿಲ್ಲ, ಆಟೋಫೋಕಸ್ ನಿಧಾನ ಇದ್ದರೆ ಏನೂ ನಷ್ಟವಿಲ್ಲ. ಮುಂದಿನ ಪ್ರಶ್ನೆ.

ಅಣಬೆಯ ಮುಂದಿನ ಅಂಚು ಮಾತ್ರ ಸ್ಪಷ್ಟ, ಉಳಿದದ್ದು ಮಸುಕು. ಎಫ್ 22 ಇಟ್ಟರೂ ಸರಿಯಾಗಲಿಲ್ಲ!

ಆಗುವುದಿಲ್ಲ. ಎಫ್ ಅಂಕಿ ದೊಡ್ಡದಾದಷ್ಟೂ ಅಪರ್ಚರಿನ ತೂತು ಸಣ್ಣ, ಸ್ಪಷ್ಟ ಕಾಣುವ ಆಳ ಜಾಸ್ತಿ, ಆದರೂ ಸಾಲುವುದಿಲ್ಲ. ಫುಲ್ ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾದಲ್ಲಿ 1:1ರಲ್ಲಿ ಎಫ್ 8 ಇಟ್ಟರೆ ಸ್ಪಷ್ಟವಾಗಿ ಸಿಗುವ ಆಳ ಸುಮಾರು ಒಂದು ಮಿಲಿಮೀಟರ್. ಒಂದು ಅಕ್ಕಿಕಾಳಿನ ದಪ್ಪಕ್ಕಿಂತಲೂ ಕಡಿಮೆ. ಎಫ್ 16ಕ್ಕೆ ಹೋದರೆ ಎರಡು ಮಿಲಿಮೀಟರ್ ಸಿಗುತ್ತದೆ, ಅಷ್ಟೇ. ಇನ್ನೂ ಮುಚ್ಚುತ್ತಾ ಹೋದರೆ ಬೆಳಕು ಸಣ್ಣ ತೂತಿನಲ್ಲಿ ತೂರುವಾಗ ಚದುರಿ ಇಡೀ ಫೋಟೋ ಮೆತ್ತಗಾಗುತ್ತದೆ. 1:1ರಲ್ಲಿ ನೀವು ಇಟ್ಟ ಎಫ್ 16 ನಿಜದಲ್ಲಿ ಎಫ್ 32ರ ಹಾಗೆ ಕೆಲಸ ಮಾಡುತ್ತಿರುತ್ತದೆ ಅನ್ನುವುದು ಬಹಳ ಜನಕ್ಕೆ ಗೊತ್ತಿಲ್ಲ.

ಸುಲಭದ ದಾರಿ, ಸ್ವಲ್ಪ ಹಿಂದೆ ಸರಿಯಿರಿ. ಅರ್ಧ ಪಟ್ಟಿಗೆ ಇಳಿದರೆ ಅದೇ ಎಫ್ 8ರಲ್ಲಿ ಹತ್ತಿರ ಹತ್ತಿರ ಮೂರು ಮಿಲಿಮೀಟರ್ ಸಿಗುತ್ತದೆ. ಕ್ಯಾಮೆರಾವನ್ನು ಕಾಂಡಕ್ಕೆ ನೇರ ಎದುರಾಗಿ ಹಿಡಿಯಿರಿ. ವಾರೆಯಾಗಿ ಹಿಡಿದರೆ ಇರುವ ಒಂದೆರಡು ಮಿಲಿಮೀಟರೂ ದಂಡ. ಮತ್ತೆ, ಎಲ್ಲವೂ ಸ್ಪಷ್ಟವಾಗಿಯೇ ಇರಬೇಕು ಅಂತ ಯಾರು ಹೇಳಿದರು? ಕೊಡೆಯ ಅಂಚಿನಲ್ಲಿ ತೂಗುವ ಒಂದು ಹನಿ ಸ್ಪಷ್ಟ ಇದ್ದು ಉಳಿದದ್ದೆಲ್ಲ ಮಂಜಾದರೂ ಚೆಂದವೇ.

ಫೋಕಸ್ ಸ್ಟ್ಯಾಕಿಂಗ್ ಅಂದರೇನು? ಕಷ್ಟವಾ?

ಫೋಕಸನ್ನು ಅಣಬೆಯ ಮುಂಭಾಗದಿಂದ ಹಿಂಭಾಗದವರೆಗೆ ಸ್ವಲ್ಪ ಸ್ವಲ್ಪವೇ ಸರಿಸುತ್ತಾ ಒಂದಿಷ್ಟು ಫೋಟೋ ತೆಗೆದು, ಪ್ರತಿಯೊಂದರ ಸ್ಪಷ್ಟ ಭಾಗವನ್ನು ಮಾತ್ರ ಕೂಡಿಸಿ ಒಂದು ಫೋಟೋ ಮಾಡುವುದು. ಕಷ್ಟ ಅಲ್ಲ, ತಾಳ್ಮೆ ಬೇಕು. 1:1ರಲ್ಲಿ ಎಫ್ 5.6 ಇಟ್ಟು ಒಂದು ಸೆಂಟಿಮೀಟರ್ ಆಳದ ಅಣಬೆ ತೆಗೆಯಲು ಅರ್ಧರ್ಧ ಮಿಲಿಮೀಟರ್ ಸರಿಸಿದರೆ ಇಪ್ಪತ್ತು ಫೋಟೋ ಆಯಿತು. ಈಗಿನ ಬಹಳ ಕ್ಯಾಮೆರಾಗಳು ತಾವೇ ಸರಿಸಿ ತೆಗೆದುಕೊಡುತ್ತವೆ, ಒಲಿಂಪಸ್‌ನ ಕೆಲವು ಮಾಡೆಲ್‌ಗಳಂತೂ ಒಳಗೇ ಕೂಡಿಸಿಯೂ ಕೊಡುತ್ತವೆ. ಇಲ್ಲದಿದ್ದರೆ ಕೈಯಲ್ಲೇ ಫೋಕಸ್ ರಿಂಗ್ ತಿರುಗಿಸಿ. ಮನೆಗೆ ಬಂದು ಕಂಪ್ಯೂಟರಿನಲ್ಲಿ ಹೆಲಿಕಾನ್ ಫೋಕಸ್, ಝೆರೀನ್ ಸ್ಟ್ಯಾಕರ್ ಅಥವಾ ಫೋಟೋಶಾಪ್‌ಗೆ ಹಾಕಿ.

ಕೆಡಿಸುವುದು ಮೂರು. ಗಾಳಿ, ಹನಿ, ಹುಳ. ಹದಿನೆಂಟನೇ ಫೋಟೋಗೆ ಒಂದು ಹನಿ ಕೊಡೆ ಮೇಲೆ ಬಿತ್ತು ಅಂದರೆ ಮೊದಲಿನಿಂದ ಶುರು. ಪುಟಾಣಿ ಬಸವನ ಹುಳ ಒಂದು ಸ್ಟ್ಯಾಕಿನ ನಡುವೆ ನಡೆದುಹೋಗಿ ನನ್ನ ಫೋಟೋದಲ್ಲಿ ಹದಿನಾಲ್ಕು ಕೊಂಬು ಮೂಡಿದ್ದವು.

ಟ್ರೈಪಾಡ್ ಬೇಕೇ ಬೇಕಾ?

ಮರದಡಿಯಲ್ಲಿ ಎಫ್ 8, ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 200 ಇಟ್ಟರೆ ಶಟರ್ ಅರ್ಧ ಸೆಕೆಂಡು, ಒಂದು ಸೆಕೆಂಡಿಗೆ ಇಳಿಯುತ್ತದೆ. ಕೈಯಲ್ಲಿ ಹಿಡಿದು ಆಗುವ ಕೆಲಸವಲ್ಲ. ಆದರೆ ಮದುವೆ ಮನೆಯ ಎತ್ತರದ ಟ್ರೈಪಾಡ್ ಇಲ್ಲಿ ಉಪಯೋಗಕ್ಕಿಲ್ಲ. ಕಾಲು ಪೂರ್ತಿ ಅಗಲಿಸಿ ನೆಲಕ್ಕೆ ಕೂರುವಂಥದ್ದು ಬೇಕು. ಒಂದು ಕೇಜಿ ಅಕ್ಕಿ ಹಾಕಿದ ಚೀಲವನ್ನು ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ ಅದರ ಮೇಲೆ ಕ್ಯಾಮೆರಾ ಒತ್ತಿಟ್ಟರೆ ಅದೂ ಗಟ್ಟಿಯಾಗಿ ನಿಲ್ಲುತ್ತದೆ. ಕವರ್ ಹಾಕದೆ ಒಯ್ದು ಮೂರನೇ ದಿನ ಅಕ್ಕಿ ಮೊಳಕೆ ಬಂದದ್ದು ಹೇಳಬಾರದಿತ್ತು, ಹೇಳಿಬಿಟ್ಟೆ. ಎರಡು ಸೆಕೆಂಡಿನ ಟೈಮರ್ ಹಾಕಿ, ಬಟನ್ ಒತ್ತಿದ ಅಲುಗಾಟ ಬರುವುದಿಲ್ಲ.

ಬೆಳಕು ಹೇಗೆ ಕೊಡುವುದು? ಫ್ಲ್ಯಾಶ್ ಹಾಕಲಾ?

ಕ್ಯಾಮೆರಾ ಮೇಲಿನ ಫ್ಲ್ಯಾಶ್ ಬೇಡ. ಒದ್ದೆ ಅಣಬೆ ಪ್ಲಾಸ್ಟಿಕ್ ಆಟಿಕೆಯ ಹಾಗೆ ಮಿನುಗುತ್ತದೆ, ಹಿಂದೆ ಕಾಡು ಕಪ್ಪಾಗುತ್ತದೆ.

ಮೋಡದ ಬೆಳಕೇ ಮುಖ್ಯ. ಅದು ಮೇಲಿನಿಂದ ಬೀಳುವುದರಿಂದ ಕೊಡೆಯಡಿ ಕತ್ತಲಾಗಿರುತ್ತದೆ, ಅಲ್ಲಿಗೆ ಸ್ವಲ್ಪ ಬೆಳಕು ತಳ್ಳಬೇಕು. ಅಡಿಕೆ ಹಾಳೆಯ ಒಳಮೈ ನೋಡಿದ್ದೀರಲ್ವಾ, ಕೆನೆ ಬಣ್ಣದ್ದು? ಅದನ್ನು ಅಣಬೆಯ ಮುಂದೆ ನೆಲಕ್ಕೆ ಒರಗಿಸಿಟ್ಟರೆ ಬೆಚ್ಚನೆಯ ಬೆಳಕು ಮಡಿಕೆಗಳ ಸಂದಿಗೆ ಹೋಗುತ್ತದೆ. ಕಾಫಿ ಪುಡಿ ಪ್ಯಾಕೆಟ್ಟಿನ ಬೆಳ್ಳಿ ಒಳಮೈ ಇದಕ್ಕಿಂತ ಚುರುಕು, ಚೂರು ಸಾಕು.

ತೆಳ್ಳಗಿನ ಅಣಬೆಗಳಿಗೆ ಹಿಂದಿನಿಂದ ಬೆಳಕು ಕೊಡಿ. ಸಣ್ಣ ಎಲ್‌ಇಡಿ ಲೈಟೊಂದನ್ನು ಹಿಂದೆ, ಸ್ವಲ್ಪ ಮೇಲೆ ಇಟ್ಟು ಅದಕ್ಕೊಂದು ಬಿಳಿ ಟಿಶ್ಯೂ ಸುತ್ತಿ. ಕೊಡೆ ಒಳಗಿನಿಂದಲೇ ಹೊತ್ತಿಕೊಂಡ ಹಾಗೆ ಕಾಣುತ್ತದೆ. ಫಿಲೊಬೊಲೆಟಸ್ ಅಂತ ಒಂದು ಬಿಳಿ ಅಣಬೆ ಕೊಳೆತ ದಿಮ್ಮಿಗಳ ಮೇಲೆ ಗುಂಪಾಗಿ ಬರುತ್ತದೆ, ಅದರ ಕೊಡೆಯಡಿ ಮಡಿಕೆಯ ಬದಲು ಜೇನುತಟ್ಟಿಯ ಹಾಗೆ ತೂತುಗಳು. ಬೆಳಕು ಹಿಂದಿನಿಂದ ಬಂದಾಗ ಒಂದೊಂದು ಕೋಣೆಯೂ ಎಣಿಸಬಹುದು. ಸಂಜೆ ಕತ್ತಲಾಗುವ ಹೊತ್ತಿಗೆ ಇದೇ ರೀತಿ ಹಿಂದಿನಿಂದ ಟಾರ್ಚ್ ಬಿಟ್ಟರೆ ಕೆಲವು ಅಣಬೆಗಳಿಂದ ಬೀಜಕಣ ಹೊಗೆಯ ಹಾಗೆ ಇಳಿಯುವುದೂ ಕಾಣುತ್ತದೆ.

ಒದ್ದೆ ಕೊಡೆಯ ಬಿಳಿ ಮಿಂಚು ಜಾಸ್ತಿಯಾದರೆ ಲೆನ್ಸಿನ ಮುಂದೆ ಪೋಲರೈಸರ್ ಫಿಲ್ಟರ್ ಹಾಕಿ ತಿರುಗಿಸಿ. ಒಂದೂವರೆ ಎರಡು ಸ್ಟಾಪ್ (ಒಂದು ಸ್ಟಾಪ್ ಅಂದರೆ ಬೆಳಕು ಅರ್ಧವಾಗುವುದು) ಬೆಳಕು ಕಡಿಮೆಯಾಗುತ್ತದೆ, ಶಟರ್ ಇನ್ನೂ ನಿಧಾನ ಮಾಡಿ.

ಬಿಳಿ ಅಣಬೆ ಹಸಿರಾಗಿ ಬರುತ್ತೆ, ಯಾಕೆ?

ಬೆಳಕು ಎಲೆಗಳಲ್ಲಿ ಸೋಸಿ ಬರುತ್ತದೆ, ಅದಕ್ಕೆ. ರಾ ಫೈಲಿನಲ್ಲಿ (ಆಮೇಲೆ ಬಣ್ಣ ಸರಿಮಾಡಲು ಬರುವ ಹಾಗೆ ಕ್ಯಾಮೆರಾ ಉಳಿಸುವ ಮೂಲ ಫೈಲು) ತೆಗೆಯಿರಿ. ಅಣಬೆ ಪಕ್ಕ ಬೂದು ಕಾರ್ಡು ಇಟ್ಟು ಒಂದು ಫೋಟೋ ತೆಗೆದುಕೊಂಡು ಮನೆಯಲ್ಲಿ ಅದರ ಮೇಲೆ ಬಣ್ಣ ಸರಿಮಾಡಿ. ಪೂರ್ತಿ ತೆಗೆಯಬೇಡಿ, ಕಾಡು ಹಸಿರೇ ತಾನೆ.

ಯಾವ ಅಣಬೆಯಿಂದ ಶುರು ಮಾಡಲಿ?

ಕುಕೀನಾ ಅನ್ನುವ ಬಟ್ಟಲಿನಂಥದ್ದು. ಮಳೆಗಾಲದಲ್ಲಿ ಬಿದ್ದ ಕಡ್ಡಿಗಳ ಮೇಲೆ ಕಿತ್ತಳೆ, ಗುಲಾಬಿ ಬಣ್ಣದ ಪುಟ್ಟ ಬಟ್ಟಲುಗಳು, ಒಂದು ಜಾತಿಗಂತೂ ಅಂಚಿನ ಸುತ್ತ ಕೂದಲು. ಆ ಕೂದಲಿನ ತುದಿಯಲ್ಲಿ ಹನಿ ನಿಂತಾಗ ತೆಗೆಯಿರಿ. ಗಾಳಿಗೆ ಅಲುಗುವುದಿಲ್ಲ, ಬಣ್ಣ ತಾನೇ ಕೂಗುತ್ತದೆ.

ಆಮೇಲೆ ತರಗೆಲೆ ಮೇಲಿನ ಮರಾಸ್ಮಿಯಸ್. ಕಾಂಡ ಕುದುರೆ ಬಾಲದ ಕೂದಲಿನಷ್ಟು, ಕೊಡೆ ಅರ್ಧ ಸೆಂಟಿಮೀಟರ್. ಉಸಿರು ಬಿಟ್ಟರೂ ಅಲುಗುತ್ತದೆ. ಬಿಸಿಲಿಗೆ ಮುದುಡಿ ಮತ್ತೆ ಮಳೆ ಬಂದರೆ ಬಿಚ್ಚಿಕೊಳ್ಳುತ್ತದೆ, ಹಾಗಾಗಿ ನಿನ್ನೆ ತಪ್ಪಿದ್ದು ನಾಡಿದ್ದು ಸಿಗಬಹುದು. ಗೊಬ್ಬರ, ಕೊಳೆತ ಮರದ ಚೂರು ಬಿದ್ದ ಕಡೆ ಹಕ್ಕಿಗೂಡಿನಂಥ ಸೈಯಾಥಸ್ ಹುಡುಕಿ. ಒಂದು ಸೆಂಟಿಮೀಟರ್ ಗೂಡು, ಒಳಗೆ ಚಪ್ಪಟೆ ಮೊಟ್ಟೆಗಳು. ಮಳೆಹನಿ ನೇರ ಒಳಗೆ ಬಿದ್ದರೆ ಆ ಮೊಟ್ಟೆ ಚಿಮ್ಮಿ ಒಂದು ಮೀಟರ್ ದೂರದವರೆಗೂ ಹೋಗುತ್ತದೆ. ಅದನ್ನು ಹಿಡಿಯಲು ಮೂರು ವರ್ಷದಿಂದ ನೋಡುತ್ತಿದ್ದೇನೆ, ಬರೀ ನೀರು ಸಿಕ್ಕಿದೆ.

ಬಿಳಿ ಬಲೆಯ ಲಂಗ ತೊಟ್ಟ ಅಣಬೆ ಎಲ್ಲಿ ಸಿಗುತ್ತೆ?

ಫ್ಯಾಲಸ್ ಇಂಡುಸಿಯೇಟಸ್. ಬಿದಿರು ಹಿಂಡಿಲಿನ ಬುಡ, ಕೊಳೆತ ಎಲೆ ದಪ್ಪಗಿರುವ ಕಡೆ. ಕಣ್ಣಿಗಿಂತ ಮೊದಲು ಮೂಗಿಗೆ ಸಿಗುತ್ತದೆ, ಸತ್ತ ಇಲಿಯ ವಾಸನೆ. ಆ ವಾಸನೆಗೆ ಬರುವ ನೊಣಗಳೇ ಅದರ ಬೀಜಕಣ ಒಯ್ಯುವುದು.

ಬೆಳಗ್ಗೆ ಬೇಗ ಮೊಟ್ಟೆಯಿಂದ ಎದ್ದು, ಕಾಂಡ ಉದ್ದವಾಗಿ, ಆಮೇಲೆ ಟೊಪ್ಪಿಯಡಿಯಿಂದ ಬಲೆ ಇಳಿಯುತ್ತದೆ. ಮಧ್ಯಾಹ್ನಕ್ಕೆ ಬಾಡಲು ಶುರು. ನಮ್ಮ ಬಿದಿರಿನ ಬುಡದಲ್ಲಿ ಸಂಜೆ ಕೋಳಿಮೊಟ್ಟೆಯಂಥದ್ದು ನೋಡಿ ಗುರುತಿಟ್ಟುಕೊಂಡು ಬೆಳಗ್ಗೆ ಐದೂವರೆಗೆ ಹೋದೆ. ಆಗಲೇ ಟೊಪ್ಪಿ ಮೇಲೆದ್ದಿತ್ತು. ಮೂವತ್ತು ಫೋಟೋಗಳ ಸ್ಟ್ಯಾಕ್ ತೆಗೆದೆ. ಕಂಪ್ಯೂಟರಿಗೆ ಹಾಕಿದರೆ ಬಲೆಯ ಎಳೆಗಳೆಲ್ಲ ಎರಡೆರಡು! ಕ್ಯಾಮೆರಾ ಅಲುಗಿತು ಅಂತ ಬೈದುಕೊಂಡೆ. ಆಮೇಲೆ ಮೊದಲ ಫೋಟೋ, ಕೊನೆಯ ಫೋಟೋ ಪಕ್ಕಪಕ್ಕ ಇಟ್ಟು ನೋಡಿದರೆ ಹಿಂದಿನ ಬಿದಿರು ಇದ್ದಲ್ಲೇ ಇದೆ, ಬಲೆ ಮಾತ್ರ ಕೆಳಗಿಳಿದಿದೆ. ನಾನು ತೆಗೆಯುತ್ತಿದ್ದಷ್ಟು ಹೊತ್ತೂ ಅದು ಬೆಳೆಯುತ್ತಿತ್ತು. ಇದಕ್ಕೆ ಸ್ಟ್ಯಾಕಿಂಗ್ ಬೇಡ, ಹಿಂದೆ ಸರಿದು ಒಂದೇ ಫೋಟೋ ತೆಗೆಯಿರಿ.

ರಾತ್ರಿ ಹೊಳೆಯುವ ಅಣಬೆ ನಿಜವಾ?

ನಿಜ. ಪಶ್ಚಿಮ ಘಟ್ಟದಲ್ಲಿ ಮಳೆಗಾಲದಲ್ಲಿ ಕಾಣುತ್ತವೆ, ಮೈಸೀನಾ ಜಾತಿಯವು ಹೆಚ್ಚು. ಕೆಲವು ಸಲ ಅಣಬೆ ಅಲ್ಲ, ಕೊಳೆತ ಕಡ್ಡಿಯೊಳಗಿನ ಶಿಲೀಂಧ್ರದ ಎಳೆಗಳೇ ಹೊಳೆಯುತ್ತವೆ. ಫೋಟೋದಲ್ಲಿ ಕಾಣುವಷ್ಟು ಜೋರು ಹಸಿರು ಕಣ್ಣಿಗೆ ಕಾಣುವುದಿಲ್ಲ, ಮಬ್ಬು ಬಿಳಿಯ ಹಾಗೆ ಇರುತ್ತದೆ. ಟಾರ್ಚ್ ಆರಿಸಿ ಹದಿನೈದು ಇಪ್ಪತ್ತು ನಿಮಿಷ ಸುಮ್ನೆ ಕೂರಬೇಕು. ಅಮಾವಾಸ್ಯೆ ಆಸುಪಾಸು ಹೋಗಿ. ಮೊದಲು ಟಾರ್ಚಿನಲ್ಲಿ ಫೋಕಸ್ ಮಾಡಿ, ಮ್ಯಾನುಯಲ್‌ಗೆ ಹಾಕಿ, ದೀಪ ಆರಿಸಿ, ಎಫ್ 2.8, ಐಎಸ್ಒ 1600 ಅಥವಾ 3200 ಇಟ್ಟು ಅರ್ಧ ನಿಮಿಷದಿಂದ ನಾಲ್ಕೈದು ನಿಮಿಷದವರೆಗೆ ತೆರೆದಿಡಿ. ಒಬ್ಬರೇ ಹೋಗಬೇಡಿ.

ಅಡ್ಡ ಬರುವ ಕಡ್ಡಿ, ಎಲೆ ತೆಗೆಯಬಹುದಾ? ಕಿತ್ತು ಬೇರೆ ಕಡೆ ಇಟ್ಟು ತೆಗೆದರೆ?

ಸಡಿಲ ಬಿದ್ದ ಒಂದೆರಡು ಎಲೆ ಸರಿಸಿ, ಆಮೇಲೆ ವಾಪಸ್ ಹಾಕಿ. ಪಾಚಿ ಕೀಳಬೇಡಿ. ಅಣಬೆ ಕಿತ್ತು ಚೆಂದದ ಪಾಚಿ ಮೇಲೆ ನೆಟ್ಟ ಫೋಟೋ ನೋಡಿದ ಕೂಡಲೇ ಗೊತ್ತಾಗುತ್ತದೆ: ದಿಮ್ಮಿ ಮೇಲೆ ಬರುವ ಅಣಬೆ ಮಣ್ಣಲ್ಲಿ ನಿಂತಿರುತ್ತದೆ, ಕಾಂಡದ ಬುಡದಲ್ಲಿ ಬಿಳಿ ಎಳೆಯೇ ಇರುವುದಿಲ್ಲ. ಸ್ಪ್ರೇ ಬಾಟಲಿನಲ್ಲಿ ಹನಿ ಹೊಡೆಯುವವರೂ ಇದ್ದಾರೆ. ಆಗುಂಬೆ ಕಡೆ ಆಗಸ್ಟ್‌ನಲ್ಲಿ ಸ್ಪ್ರೇ ಬಾಟಲ್! ನಗು ಬರುತ್ತದೆ.

ಫೋಟೋ ನೋಡಿ ಇದು ತಿನ್ನುವುದಾ ಅಂತ ಹೇಳ್ತೀರಾ?

ಹೇಳುವುದಿಲ್ಲ. ವಾರಕ್ಕೊಬ್ಬರು ಕೇಳುತ್ತಾರೆ, ಉತ್ತರ ಇದೇ. ಮೇಲಿನಿಂದ ನೋಡಲು ಒಂದೇ ಥರ ಇರುವ ಎರಡರಲ್ಲಿ ಒಂದು ಊಟ, ಇನ್ನೊಂದು ಆಸ್ಪತ್ರೆ. ಹುಲ್ಲುಹಾಸಿನಲ್ಲಿ ಬರುವ ದೊಡ್ಡ ಬಿಳಿ ಅಣಬೆ ಕ್ಲೋರೋಫಿಲ್ಲಮ್ ನೋಡಲು ರುಚಿಕರ, ತಿಂದರೆ ವಾಂತಿಭೇದಿ. ಬಲಿತಾಗ ಅದರ ಬೀಜಕಣ ಹಸಿರು, ಎಳೆಯದರಲ್ಲಿ ಅದೂ ತಿಳಿಯುವುದಿಲ್ಲ. ಬರೀ ಮುಟ್ಟಿದ್ದಕ್ಕೆ ವಿಷ ಏರುತ್ತದೆ ಅನ್ನುವ ಹೆದರಿಕೆ ಬೇಡ, ಕೈ ತೊಳೆದುಕೊಳ್ಳಿ ಸಾಕು.

ಹೆಸರು ತಿಳಿಯಬೇಕು ಅಂತಿದ್ದರೆ ಚೆಂದದ ಒಂದು ಫೋಟೋ ಸಾಲದು. ಕೊಡೆಯ ಮೇಲ್ಭಾಗ, ಕೆಳಭಾಗ, ಕಾಂಡದ ಬುಡ, ಯಾವುದರ ಮೇಲೆ ಬೆಳೆದಿದೆ ಅನ್ನುವುದು, ಪಕ್ಕದಲ್ಲೊಂದು ನಾಣ್ಯ, ಹೀಗೆ ನಾಲ್ಕೈದು ತೆಗೆದು, ಜೀವಿಗಳ ಹೆಸರು ಗುರುತಿಸಲು ಜನ ನೆರವಾಗುವ ಜಾಲತಾಣ ಐನ್ಯಾಚುರಲಿಸ್ಟ್‌ಗೆ ಹಾಕಿ. ಕೆಳಭಾಗ ತೆಗೆಯಲು ಕೀಳಬೇಕಿಲ್ಲ, ಸಣ್ಣ ಕನ್ನಡಿ ಚೂರು ಕೆಳಗಿಟ್ಟರಾಯಿತು.

ಇಂಬಳ, ಹಾವು?

ಇಂಬಳ (ಜಿಗಣೆ) ಹತ್ತುತ್ತದೆ, ಮಲಗಿದವರಿಗೆ ಜಾಸ್ತಿ ಹತ್ತುತ್ತದೆ. ಇಂಬಳದ ಕಾಲುಚೀಲ ಹಾಕಿ, ಸುಣ್ಣ ಅಥವಾ ನಶ್ಯ ಹಚ್ಚಿಕೊಳ್ಳಿ. ಕಚ್ಚಿದ್ದನ್ನು ಉಗುರಿನಿಂದ ಮೆಲ್ಲ ಜಾರಿಸಿ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಅದು ಏನೋ ಬಿಟ್ಟಿರುತ್ತದೆ, ಸ್ವಲ್ಪ ಹೊತ್ತು ಸುರಿಯುತ್ತದೆ, ಗಾಬರಿ ಬೇಡ.

ಹಾವಿನ ವಿಷಯ ತಮಾಷೆಯಲ್ಲ. ಗುಳಿಮಂಡಲಗಳು ಮಳೆಗಾಲದಲ್ಲಿ ತರಗೆಲೆ ಮೇಲೆ, ತಗ್ಗಿನ ಕೊಂಬೆ ಮೇಲೆ ಗಂಟೆಗಟ್ಟಲೆ ಅಲುಗದೆ ಕೂತಿರುತ್ತವೆ. ಬಣ್ಣ ಎಲೆಯದೇ. ನಾನು ಮಲಗುವ ಮೊದಲು ಕೋಲಿನಿಂದ ಸುತ್ತ ಒಂದು ಮಾರು ಎಲೆ ಸರಿಸಿ ನೋಡುತ್ತೇನೆ, ತಲೆ ಮೇಲಿನ ಕೊಂಬೆಯನ್ನೂ ನೋಡುತ್ತೇನೆ. ದಿಮ್ಮಿಯಡಿ ಕೈ ಹಾಕುವುದಿಲ್ಲ.

ಮಳೆಯಲ್ಲಿ ಕ್ಯಾಮೆರಾ ಹಾಳಾಗಲ್ವಾ?

ಮಳೆಗಿಂತ ಆಮೇಲಿನ ತೇವವೇ ಹಾಳು ಮಾಡುವುದು. ಹನಿಗೆ ಕೊಡೆ ಇದೆ, ಟವೆಲ್ ಇದೆ. ಮನೆಗೆ ಬಂದ ಮೇಲೆ ಒದ್ದೆ ಬ್ಯಾಗಿನೊಳಗೇ ಬಿಟ್ಟರೆ ಲೆನ್ಸಿನ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಹೊರಗೆ ತೆಗೆದು ಒರೆಸಿ, ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಹಾಕಿ ಇಡಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ. ಜುಲೈನಲ್ಲಿ ನಮ್ಮನೆಯಲ್ಲಿ ಹಪ್ಪಳದ ಡಬ್ಬಿಯೂ ಲೆನ್ಸ್ ಡಬ್ಬಿಯೂ ಒಲೆ ಮೇಲಿನ ಅಟ್ಟದಲ್ಲಿ ಅಕ್ಕಪಕ್ಕ ಇರುತ್ತವೆ, ಹೊಗೆ ತಾಗದ ಹಾಗೆ.

ನನ್ನ ಮೊದಲ 50 ಮಿ.ಮೀ. ಲೆನ್ಸ್ ಹೀಗೇ ಹೋಯಿತು. ರಿಪೇರಿಗೆ ಒಯ್ದರೆ ಲೆನ್ಸಿನ ಬೆಲೆಗಿಂತ ಜಾಸ್ತಿ ಹೇಳಿದರು. ಈಗಲೂ ಇಟ್ಟುಕೊಂಡಿದ್ದೇನೆ. ಕಿಟಕಿಯ ಬೆಳಕಿಗೆ ಹಿಡಿದರೆ ಒಳಗೆ ಒಂದು ಮೂಲೆಯಿಂದ ಸಣ್ಣ ಸಣ್ಣ ಎಳೆಗಳು ಕವಲೊಡೆದು ಹರಡಿರುವುದು ಕಾಣುತ್ತದೆ. ಹೋದ ವರ್ಷ ಅದನ್ನೂ ಟ್ಯೂಬ್ ಹಾಕಿ, ಹಿಂದಿನಿಂದ ಬೆಳಕು ಬಿಟ್ಟು, ಹನ್ನೆರಡು ಫೋಟೋಗಳ ಸ್ಟ್ಯಾಕ್ ತೆಗೆದೆ. ಚೆನ್ನಾಗಿ ಬಂದಿದೆ.